ಜೌನ್‌ಪುರ ರಸ್ತೆಯಲ್ಲಿ ಕಾಣೆಯಾದ ಆಯಿಲ್

ಅಳತೆ ಕಡ್ಡಿಯ ತುದಿಗೂ ಆಯಿಲ್ ಅಂಟಿರಲಿಲ್ಲ. ಹೋದ ವಾರವಷ್ಟೇ ಇಂಜಿನ್ನಿಗೆ ತುಂಬಿಸಿದ್ದು ಮತ್ತೆ ಎಲ್ಲಿಗೆ ಹೋಯಿತು? ಷೆಡ್ಡಿನ ನೆಲದಲ್ಲಿ ಒಂದು ಹನಿ ಕಲೆಯಿಲ್ಲ. ಬೀಗದಕೈ ಇದ್ದದ್ದು ಒಬ್ಬರ ಬಳಿ — ಡ್ರೈವರ್ ಮಹಾಂತಯ್ಯನವರ ಬಳಿ.

ಡಾಕ್ಟರ್ ವಸುಮತಿ ಕಡ್ಡಿಯನ್ನು ಬಾನೆಟ್ಟಿನ ಮೇಲೆ ಎಸೆದಳು. ಗಂಡ ರಾಮಕೃಷ್ಣ ಎಪ್ಪತ್ತೆಂಟನೇ ಇಸವಿಯಲ್ಲಿ ಜರ್ಮನಿಯಿಂದ ಹಡಗಿನಲ್ಲಿ ತರಿಸಿದ್ದ ಟರ್ಬೊ ಕಾರು ಅದು. ಅವನು ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಇಲ್ಲಿ ಕಾಶಿಯ ಮಠದಲ್ಲಿ ಜೀಪು ಓಡಿಸಿಕೊಂಡಿದ್ದ ಮಹಾಂತಯ್ಯನವರನ್ನು ಕರೆತಂದವನೂ ಅವನೇ. ಆಯಿಲ್ ಕದ್ದು ಮಾರುತ್ತಿದ್ದೀರಿ ಎಂದು ಅವಳು ಮುಖಕ್ಕೆ ಹೊಡೆದಂತೆ ಹೇಳಿದಳು; ಸಂಜೆಯೊಳಗೆ ಕೆಲಸ ಬಿಡಿ ಎಂದಳು. ಆ ಹಿರಿಯರು ತಲೆ ತಗ್ಗಿಸಿ ಬಟ್ಟೆಯಿಂದ ಬಾನೆಟ್ಟು ಒರೆಸತೊಡಗಿದರು. ಅದೇ ಅವಳಿಗೆ ತಪ್ಪೊಪ್ಪಿಗೆಯಾಗಿ ಕಂಡಿತು.

ಕಾರು ನೋಡಲು ಊರಿನ ಲಂಕಾ ಬಡಾವಣೆಯಿಂದ ಶೇಷಗಿರಿ ಬಂದರು — ರಾಮಕೃಷ್ಣನ ಗೆಳೆಯ, ವಿಶ್ವವಿದ್ಯಾಲಯದಲ್ಲಿ ಇಂಜಿನ್ನುಗಳ ಪಾಠ ಹೇಳುವವರು. ಬಾನೆಟ್ಟಿನೊಳಗೆ ತಲೆ ತೂರಿಸಿದರೆ ಅವರಿಗೆ ಲೋಕದ ಪರಿವೆಯಿಲ್ಲ. ಪ್ಲಗ್ಗುಗಳನ್ನು ಬಿಚ್ಚಿದರು. ಒಣಗಿದ್ದವು. ಹೊಗೆಕೊಳವೆಯೊಳಗೆ ಬೆರಳಾಡಿಸಿದರು. ಬೆರಳೆಲ್ಲ ಜಿಡ್ಡು.

"ಕದ್ದ ಆಯಿಲ್ ಇಲ್ಲಿಗೆ ಹ್ಯಾಗೆ ಬರತ್ತೆ, ವಸುಮತಿ? ಕಾರು ದಾರೀಲಿ ಎಲ್ಲಾದರೂ ನಿಲ್ಲತ್ತಾ?"

ಅವಳಿಗೆ ಗೊತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಜೌನ್‌ಪುರದ ಕ್ಲಿನಿಕ್ಕಿಗೆ ಹೊರಟರೆ ಹಿಂದಿನ ಸೀಟಿನಲ್ಲೇ ನಿದ್ದೆ. ಅರೆನಿದ್ದೆಯಲ್ಲಿ ಒಮ್ಮೊಮ್ಮೆ ಸದ್ದೆಲ್ಲ ನಿಂತಂತೆ ಅನ್ನಿಸಿದ್ದುಂಟು. ಮತ್ತೆ ಹೊರಟಾಗ ಹಿಂದೆ ನೀಲಿ ಹೊಗೆ ಕಂಡದ್ದೂ ಉಂಟು.

ಶೇಷಗಿರಿ ಟರ್ಬೊದ ಸಣ್ಣ ಆಯಿಲ್ ಕೊಳವೆ ಬಿಚ್ಚಿ ಅಂಗೈಗೆ ಕೊಡವಿದರು. ಕರೀ ಪುಡಿ ಉದುರಿತು. ನಾವು ನೋಡದೆ ಬಿಟ್ಟದ್ದು ಇದನ್ನೇ ಎಂದರು. ಇಂಜಿನ್ ಸವೆದು ಆಯಿಲ್ ಉರಿದಿದ್ದರೆ ಪ್ಲಗ್ಗುಗಳು ಒದ್ದೆಯಾಗಿರಬೇಕಿತ್ತು. ಕೆಟ್ಟದ್ದು ಟರ್ಬೊ. ಇಂಜಿನ್ನಿಗೆ ಗಾಳಿ ಊದುವ ಆ ಚಕ್ರ ವೇಗದ ಓಟದಲ್ಲಿ ಕೆಂಡವಾಗಿರುತ್ತದೆ. ತಕ್ಷಣ ಇಂಜಿನ್ ಆರಿಸಿದರೆ ಆಯಿಲ್ ಹರಿಯದೆ ನಿಂತಲ್ಲೇ ಸುಟ್ಟು ಕರಿಕಟ್ಟುತ್ತದೆ. ಸೀಲು ಹಾಳಾಗಿ, ಉಳಿದ ಆಯಿಲ್ಲೆಲ್ಲ ಹೊಗೆಯಲ್ಲಿ ಹೋಗುತ್ತದೆ.

ಷೆಡ್ಡಿನ ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಕಡೆ ಅವರು ತಿರುಗಿದರು. "ಇಲ್ಲಿ ಕಳ್ಳ ಯಾರೂ ಇಲ್ಲ. ಓಡೋ ಇಂಜಿನ್ನನ್ನ ಗಕ್ಕನೆ ಆರಿಸಿದವರು ನೀವು. ಯಾಕೆ, ಮಹಾಂತಯ್ಯನವರೇ?"

"ಹೆಣ ಬರ್ತಾವಲ್ರಿ, ಜೀಪಿನ ಮ್ಯಾಲ ಕಟಗೊಂಡು, ಕಾಶಿಗೆ. ಅವು ದಾಟೂ ತನಕ ಬದಿಗೆ ನಿಂತು ಬಂದ್ ಮಾಡ್ತೀನ್ರಿ."

ಮೊದಲಿನಿಂದಲೂ ಹೀಗೆಯೇ ಎಂದು ವಸುಮತಿ ಕೇಳಿದಳು.

"ಇಲ್ರಿ ಬಾಯಾರ. ಸಾಹೇಬ್ರನ್ನ ಘಾಟಿಗೆ ಒಯ್ದ ದಿನದಿಂದ. ಸೋನಾರ್‌ಪುರದ ರಸ್ತ್ಯಾಗ ಹಿಂದಿಂದ ಒಂದು ಟ್ರಕ್ ಹಾರ್ನ್ ಹೊಡಕೋತ ಬಂತು. ಹೊತ್ತವರು ಓಡಬೇಕಾತು. ನಾನೂ ಹೆಗಲು ಕೊಟ್ಟಿದ್ದೆ."

ಹೆಂಗಸರು ಹೆಣ ಸುಡುವ ಘಾಟಿಗೆ ಬರಬಾರದೆಂದು ಅಂದು ವಸುಮತಿಯನ್ನು ಮನೆಯಲ್ಲೇ ತಡೆದಿದ್ದರು. ಈಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಕೈಮುಗಿದು ಕ್ಷಮಿಸಿ ಎಂದಳು.

ಮಹಾಂತಯ್ಯ ಬೀಗದಕೈ ಕೆಳಗಿಟ್ಟರು. ಕಣ್ಣು ತುಂಬಿತ್ತು. "ಕಳ್ಳ ಅಂದದ್ದು ಮರೀತೀನ್ರಿ. ಸಾಹೇಬ್ರ ಗಾಡಿ ಕೆಡಿಸಿದಾಂವ ನಾನಽ ಅಲ್ರಿ?"

ವಸುಮತಿ ಮನೆಬಾಗಿಲ ಮೆಟ್ಟಿಲ ಮೇಲೆ ಕುಳಿತಳು.

"ಗಾಡಿ ಹೋಗಲಿ. ಅವತ್ತು ಈ ಬಾಗಿಲಿಂದಾಚೆ ಏನೇನಾಯ್ತು ಅಂತ ನನಗೆ ಯಾರೂ ಹೇಳಲೇ ಇಲ್ಲ. ಕೂತ್ಕೊಂಡು ಹೇಳಿ."

ಮಹಾಂತಯ್ಯ ಅವಳೆದುರು ನೆಲದ ಮೇಲೆ ಕುಳಿತು, ಮೊದಲಿನಿಂದ ಹೇಳತೊಡಗಿದರು.