ಗೆದ್ದಷ್ಟೂ ಭಯ

"ನಿಲ್ಸಿ! ಆ ಚೆಂಡು ಬಡಿಯೋದನ್ನ ಸ್ವಲ್ಪ ನಿಲ್ಸಿ!"

ಬೆಳಗಿನ ಖಾಲಿ ಕೋರ್ಟ್‌ನಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದ ಚಿಗರೆ ಬೆಚ್ಚಿಬಿದ್ದಳು. ಧ್ವನಿ ಬಂದದ್ದು ಪ್ರೇಕ್ಷಕರ ಗ್ಯಾಲರಿಯ ಕೆಳಗಿನ ಕತ್ತಲೆಯಿಂದ!

ಚಿಗರೆ ಎಂಬುದು ಅವಳ ಹೆಸರೇನಲ್ಲ. ಓಡಲು ಶುರುಮಾಡಿದರೆ ಯಾರ ಕೈಗೂ ಸಿಗುವುದಿಲ್ಲವೆಂದು ಗೆಳತಿಯರು ಇಟ್ಟಿದ್ದು. ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಅವಳೇ ಕ್ಯಾಪ್ಟನ್. ಈಗೀಗ ಮನೆಯಲ್ಲಿ ಅಪ್ಪನೂ ಹಾಗೆಯೇ ಕರೆಯುತ್ತಿದ್ದರು.

"ಯಾರದು? ಹೊರಗೆ ಬನ್ನಿ ಮೊದ್ಲು!" ಅವಳು ಚೆಂಡನ್ನು ಎದೆಗೆ ಅವುಚಿಕೊಂಡು ಗದರಿದಳು.

ಟಾರ್ಚು ಹಿಡಿದ ಯುವಕನೊಬ್ಬ ಬಗ್ಗಿಕೊಂಡು ಹೊರಬಂದ. ಕೂದಲ ತುಂಬ ಜೇಡರ ಬಲೆ. ಒಂದು ಕೆನ್ನೆ ಪೂರ್ತಿ ಕೆಂಪು ತುಕ್ಕು. ಆದರೆ ಕಣ್ಣು... ಆ ಕಣ್ಣಲ್ಲಿ ಅವಳು ಎಂದೂ ನೋಡದಂಥ ಭಯವಿತ್ತು.

"ಚಾವಣಿ ರಿಪೇರಿಗೆ ಬಂದಿರೋ ಇಂಜಿನಿಯರ್ ನಾನು. ಚೆಂಡು ಬಿದ್ದಾಗೆಲ್ಲ ಈ ಕಂಬ ಸದ್ದು ಮಾಡ್ತಿದೆ. ಕಿವಿಯಿಟ್ಟು ಕೇಳ್ತಿದ್ದೆ."

"ಚಾವಣಿ ಮೇಲಿರತ್ತೆ ಸಾರ್, ನೀವು ಕೆಳಗೆ ಹುಡುಕ್ತಿದ್ದೀರಾ!"

ಅವನು ನಗಲಿಲ್ಲ. "ಮುಂದಿನ ಮ್ಯಾಚಿಗೆ ತುಂಬಾ ಜನ ಬರ್ತಾರಾ?"

"ಗೆದ್ದರೆ ಬರ್ತಾರೆ."

"ಹಾಗಿದ್ರೆ..." ಅವನು ಏನನ್ನೋ ನುಂಗಿಕೊಂಡ. "ಏನಿಲ್ಲ. ನೀವು ಆಡಿ."

ಅವನು ಹೊರಟುಹೋದ. ಚಿಗರೆ ಮತ್ತೆ ಚೆಂಡು ಬಡಿದಳು. ಯಾಕೋ ಈಗ ಅವಳಿಗೂ ಏನೋ ಕೇಳಿಸಿದಂತಾಯಿತು... 'ಛೇ, ಬರೀ ಭ್ರಮೆ!' ಎಂದುಕೊಂಡಳು.

* * *

ತಂಡ ಗೆದ್ದಿತು. ಮತ್ತೆ ಗೆದ್ದಿತು!

ವರ್ಷಾನುಗಟ್ಟಲೆ ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತಿದ್ದ ತಂಡವದು. ಈಗ ಅದರ ಹೆಸರು ಊರವರೆಲ್ಲರ ಬಾಯಲ್ಲಿ. ಮೊದಲು ಗ್ಯಾಲರಿಯಲ್ಲಿ ಆಟಗಾರ್ತಿಯರ ಅಪ್ಪ ಅಮ್ಮಂದಿರು ಮಾತ್ರ ಇರುತ್ತಿದ್ದರು. ಆಮೇಲೆ ವಿದ್ಯಾರ್ಥಿಗಳು ಬಂದರು, ಅಂಗಡಿಯವರು ಬಂದರು, ಗುರುತೇ ಇಲ್ಲದವರೂ ಬಂದರು. ಪ್ರತಿ ಬಾಸ್ಕೆಟ್‌ಗೂ ನೂರಾರು ಕಾಲುಗಳು ಒಟ್ಟಿಗೆ ಹಲಗೆ ಬಡಿದರೆ ಇಡೀ ಕಟ್ಟಡವೇ ಗುಡುಗುತ್ತಿತ್ತು.

ಅಪ್ಪ ಬಸ್ ಡ್ರೈವರ್. ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಓಡೋಡಿ ಬಂದು, ಎಲ್ಲರಿಗಿಂತ ಮೇಲಿನ ಸಾಲಿನ ಮೂಲೆ ಹಿಡಿದು ಕೂರುತ್ತಿದ್ದರು. "ಅಲ್ಲಿಂದ್ಲೇ ನೀನು ಪೂರ್ತಿ ಕಾಣ್ತೀಯ ಕಣೇ," ಎನ್ನುತ್ತಿದ್ದರು.

ಇಂಜಿನಿಯರ್ ಕೂಡ ಪ್ರತಿ ಪಂದ್ಯಕ್ಕೂ ಬರುತ್ತಿದ್ದ. ಆದರೆ ಕೂರುತ್ತಿರಲಿಲ್ಲ. ಗ್ಯಾಲರಿಯ ಕೆಳಗೆ ಅಂಚಿನಲ್ಲಿ, ಅದೇ ಕಂಬಕ್ಕೆ ಕೈಯಿಟ್ಟು ನಿಂತಿರುತ್ತಿದ್ದ. ಎಲ್ಲರ ಮುಖ ಕೋರ್ಟಿನ ಕಡೆಗಿದ್ದರೆ ಅವನ ಮುಖ ಮಾತ್ರ ಕತ್ತಲೆಯ ಕಡೆಗೆ.

'ಒಂದ್ಸಲವಾದ್ರೂ ಈ ಕಡೆ ನೋಡಬಾರ್ದಾ?' ಹಾಗೆ ಅನ್ನಿಸಿದ್ದೇ ಚಿಗರೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವನು ನೋಡಿದರೇನು, ಬಿಟ್ಟರೇನು!

ಒಂದು ಸಂಜೆ ಅಭ್ಯಾಸ ಮುಗಿಸಿ ಹೊರಟವಳನ್ನು ಅವನೇ ತಡೆದ.

"ಕ್ಯಾಪ್ಟನ್, ಒಂದು ಮಾತು. ಈ ಗ್ಯಾಲರಿ ಜಾಸ್ತಿ ದಿನ ತಡೆಯಲ್ಲ. ಒಳಗೆಲ್ಲ ತುಕ್ಕು ತಿಂದುಹಾಕಿದೆ, ಮೇಲೆ ಮಾತ್ರ ಬಣ್ಣ. ಪ್ರಿನ್ಸಿಪಾಲರಿಗೆ ಹೇಳ್ದೆ, ಸೀಸನ್ ಮುಗೀಲಿ ಅಂದ್ರು. ನಗರದ ಕಚೇರಿಗೆ ಹೋದೆ, ಅಲ್ಲೂ ಅದೇ ಉತ್ತರ. ನೀವು ಹೇಳಿದ್ರೆ ಕೇಳ್ತಾರೆ. ಉಳಿದ ಮ್ಯಾಚ್ ಬೇರೆ ಕಡೆ ಆಡ್ಸಿ... ದಯವಿಟ್ಟು."

ಆ "ದಯವಿಟ್ಟು" ಅವಳ ಎದೆಗೆ ನೇರವಾಗಿ ತಾಗಿತು. ಬೆಳಿಗ್ಗೆಯೇ ಕೋಚ್ ಮೇಡಂಗೆ ಹೇಳಿಬಿಡಬೇಕು ಎಂದುಕೊಂಡಳು.

ಆದರೆ ಬೆಳಿಗ್ಗೆ ಅವಳಿಗೆ ಮೊದಲು ಸಿಕ್ಕಿದ್ದು ತಂಡದ ಪಟಾಕಿ. ಬಾಯಿ ತೆರೆದರೆ ಸಿಡಿಯುವ ಹುಡುಗಿ.

"ನಿನ್ನ ಇಂಜಿನಿಯರ್ ಸಾಹೇಬ್ರ ತಂಗಿ ಯಾರು ಗೊತ್ತೇನೇ? ಎದುರಾಳಿ ಕಾಲೇಜಿನ ಕ್ಯಾಪ್ಟನ್! ಫೈನಲ್‌ಗೆ ಬರೋದು ಅವರೇ. ನಮ್ಮ ಕೋರ್ಟ್ ಮುಚ್ಚಿಸಿದ್ರೆ ಮ್ಯಾಚ್ ಎಲ್ಲಿ ಆಗತ್ತೆ ಹೇಳು? ಅವರ ಕೋರ್ಟಲ್ಲಿ!"

'ಅಂದ್ರೆ... ಆ ಭಯ, ಆ ದಯವಿಟ್ಟು... ಎಲ್ಲಾ ನಾಟಕವಾ?'

ಅವಳು ನೇರ ಅವನ ಮುಂದೆ ಹೋಗಿ ನಿಂತಳು.

"ನಿಮ್ಮ ತಂಗಿ ಯಾವ ತಂಡದಲ್ಲಿ ಆಡೋದು?"

ಅವನ ಮುಖ ಕಪ್ಪಿಟ್ಟಿತು. "ಅದಕ್ಕೂ ಇದಕ್ಕೂ..."

"ಹೌದೋ ಅಲ್ವೋ?"

"ಹೌದು. ಆದ್ರೆ..."

"ಸಾಕು! ನಮ್ಮ ಹುಡುಗೀರು ಮಂಡಿ ಸವೆಸಿಕೊಂಡು ಇಲ್ಲಿತನಕ ಬಂದಿದ್ದಾರೆ. ಹೆದರ್ಸಿ ಗೆಲ್ಬೇಕು ಅಂತಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವನು ಟಾರ್ಚು ಹಿಡಿದು ಮತ್ತೆ ಕಂಬದ ಕಡೆ ನಡೆದ. ಅದೇ ಅವಳನ್ನು ಹೆಚ್ಚು ಚುಚ್ಚಿತು.

* * *

ಸೆಮಿಫೈನಲ್. ಗ್ಯಾಲರಿಯಲ್ಲಿ ಸಾಸಿವೆ ಹಾಕಲೂ ಜಾಗವಿರಲಿಲ್ಲ.

ಕೊನೆಯ ಗಳಿಗೆಯಲ್ಲಿ ಚಿಗರೆಗೆ ಫ್ರೀ ಥ್ರೋ ಸಿಕ್ಕಿತು. ಅವಳು ಗೆರೆಯ ಹಿಂದೆ ನಿಂತು ಚೆಂಡನ್ನು ಮೇಲೆತ್ತಿದಳು. ಅಷ್ಟೂ ಜನ ಉಸಿರು ಬಿಗಿಹಿಡಿದರು.

ಆ ನಿಶ್ಶಬ್ದದಲ್ಲಿ ಅವಳಿಗೆ ಅದು ಕೇಳಿಸಿತು.

ಕಿರ್‌ರ್‌ರ್...

ಯಾರೋ ನಿದ್ದೆಯಲ್ಲಿ ಹಲ್ಲು ಕಡಿದಂಥ ಸದ್ದು. ಬಂದದ್ದು ಜನರ ಕೆಳಗಿನಿಂದ.

ಚಿಗರೆ ಆ ಕಡೆ ನೋಡುತ್ತಲೇ ಚೆಂಡು ಎಸೆದಳು. ಚೆಂಡು ರಿಂಗಿಗೆ ಬಡಿದು ಹೊರಬಿತ್ತು. ಹಾಗಿದ್ದರೂ ಪಟಾಕಿ ಹಾರಿ ಹಿಡಿದು ಒಳಗೆ ಹಾಕಿದಳು. ಫೈನಲ್! ಜನ ಎದ್ದು ಕುಣಿದರು. ಹಲಗೆಗಳು ಅಲುಗಿದವು. ಮೇಲಿನ ಮೂಲೆಯಲ್ಲಿ ಅಪ್ಪ ಎರಡೂ ಕೈಯೆತ್ತಿ ಜಿಗಿಯುತ್ತಿದ್ದರು.

'ಜಿಗೀಬೇಡ ಅಪ್ಪಾ... ಜಿಗೀಬೇಡ...' ಗೆಳತಿಯರ ಹೆಗಲ ಮೇಲಿದ್ದ ಚಿಗರೆಯ ತುಟಿ ಅಲುಗುತ್ತಿತ್ತು.

ಜನ ಕರಗಿದ ಮೇಲೆ ಅವಳು ಗ್ಯಾಲರಿಯ ಕೆಳಗೆ ನುಗ್ಗಿದಳು. ಇಂಜಿನಿಯರ್ ಅಲ್ಲೇ ಇದ್ದ. ಅವನ ಹಣೆಯಲ್ಲಿ ಬೆವರು ಹರಳುಗಟ್ಟಿತ್ತು.

"ನಂಗೂ ಕೇಳಿಸ್ತು," ಎಂದಳು.

ಅವನು ಅವಳ ಅಂಗೈ ಹಿಡಿದು ಕಂಬದ ಮೇಲಿಟ್ಟ. ನೀಲಿ ಬಣ್ಣ ಸಿಪ್ಪೆಯಂತೆ ಎದ್ದುಬಂತು. ಒಳಗಿನ ಕಬ್ಬಿಣ ನೆನೆದ ರಟ್ಟಿನಂತೆ ಬೆರಳಿಗೆ ಪುಡಿಯಾಯಿತು. ಮೇಲೆ, ತೊಲೆ ಕೂಡುವ ಜಾಗದಲ್ಲಿ, ಟಾರ್ಚಿನ ಬೆಳಕಿಗೆ ಬಿರುಕೊಂದು ಬಾಯಿ ತೆರೆದಿತ್ತು.

ಅದರ ನೆತ್ತಿಯ ಮೇಲೇ ಅಪ್ಪನ ಮೂಲೆ!

"ಬೀಳತ್ತೆ ಅಂತ ಗೊತ್ತಿದ್ದೂ... ದಿನಾ ಇದರ ಕೆಳಗೇ ಬಂದು ನಿಲ್ತಿದ್ದೀರಲ್ಲ, ಯಾಕೆ?" ಎಂದು ಕೇಳಿದಳು.

"ಮೊದ್ಲು ಗೊತ್ತಾಗೋದು ಇಲ್ಲೇ. ಕೂಗಿ ಹೇಳೋಕೆ ಒಬ್ಬರಾದ್ರೂ ಬೇಕಲ್ವಾ?"

'ಇಂಥವನಿಗೆ ನಾನು ಏನೆಲ್ಲಾ ಅಂದುಬಿಟ್ಟೆ!' ಕಣ್ಣು ತುಂಬಿಬಂತು. ಅವನ ಕೈ ಇನ್ನೂ ಅವಳ ಕೈಯ ಮೇಲೆಯೇ ಇತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

* * *

ಪ್ರಿನ್ಸಿಪಾಲರು ಕಿವಿಗೇ ಹಾಕಿಕೊಳ್ಳಲಿಲ್ಲ. "ಅತಿಥಿಗಳನ್ನ ಕರ್ದಾಗಿದೆ. ಇಷ್ಟು ವರ್ಷ ನಿಂತಿರೋದು ಇನ್ನೊಂದು ಸಂಜೆ ನಿಲ್ಲಲ್ವಾ? ನೀನು ಆಟದ ಕಡೆ ಗಮನ ಕೊಡಮ್ಮ."

ಆಮೇಲೆ ಅವಳು ಕೋಚ್ ಮೇಡಂ ಹತ್ತಿರ ಹೋದಳು. ಈ ಒಂದು ಟೂರ್ನಿಯ ಕಪ್ಪಿಗಾಗಿ ಅರ್ಧ ಆಯಸ್ಸು ಸವೆಸಿದವರು ಅವರು. "ನಿನ್ನ ಮಾತು ಸುಳ್ಳಾದ್ರೆ ನಮ್ಮನ್ನ ಜನ ಹೇಡಿಗಳು ಅಂತಾರೆ."

"ನಿಜ ಆದ್ರೆ, ಮೇಡಂ?"

"ಹುಡುಗೀರನ್ನ ಕರಿ," ಎಂದರು ಅವರು.

ಮನೆಯಲ್ಲಿ ಅಪ್ಪನಿಗೆ ಹಿಡಿಸಲಾರದ ಹಿಗ್ಗು. "ಡಿಪೋದೋರೆಲ್ಲ ಫೈನಲ್‌ಗೆ ಬರ್ತಿದ್ದಾರೆ ಕಣೇ! ಎಲ್ಲರಿಗೂ ನನ್ನ ಸಾಲಲ್ಲೇ ಜಾಗ ಹಿಡಿದಿಡ್ತೀನಿ."

"ಅಪ್ಪಾ, ಮೇಲೆ ಕೂರ್ಬೇಡ..."

"ಹೋಗೇ! ಅದು ಅದೃಷ್ಟದ ಮೂಲೆ."

ಅವಳು ತಟ್ಟೆ ಬದಿಗೆ ಸರಿಸಿ ಎದ್ದಳು.

* * *

ಫೈನಲ್ ದಿನ ಗ್ಯಾಲರಿ ತುಂಬಿ ತುಳುಕಿತು. ಆಟಗಾರ್ತಿಯರು ಸಾಲಾಗಿ ಬಂದರು. ಬಂದು... ಕೋರ್ಟಿನ ನಡುವೆ ಕೂತುಬಿಟ್ಟರು! ಹೊತ್ತಿಗೆ ಸರಿಯಾಗಿ ಆಟಕ್ಕೆ ನಿಲ್ಲದಿದ್ದರೆ ಕಪ್ಪು ಎದುರಾಳಿಯ ಪಾಲು. ಆ ನಿಯಮ ಎಲ್ಲರಿಗೂ ಗೊತ್ತಿತ್ತು.

"ಏಯ್, ಏನಿದು? ಏಳಿ!" ಪ್ರಿನ್ಸಿಪಾಲರು ಕಿರುಚಿದರು. ಜನ ಸಿಳ್ಳೆ ಹೊಡೆದರು, ಬೈದರು.

ಆಗ ಎದುರಾಳಿ ಕ್ಯಾಪ್ಟನ್ ಸೀದಾ ನಡೆದುಬಂದು ಚಿಗರೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ಅಣ್ಣ ನಂಗೂ ಹೇಳಿದ್ದ. ಹೆದರ್ಕೊಂಡ್ರು ಅಂತೀರೇನೋ ಅಂತ ಬಾಯಿ ಬಿಡ್ಲಿಲ್ಲ," ಎಂದು ಪಿಸುಗುಟ್ಟಿದಳು. "ಹೀಗೆ ಸಿಗೋ ಕಪ್ಪು ನಂಗೆ ಬೇಡ. ಮಾತಾಡು. ನಾವೂ ಏಳಲ್ಲ."

ಚಿಗರೆ ಮೈಕ್ ಹಿಡಿದಳು. ಕಟ್ಟಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಕಣ್ಣು ಮೇಲಿನ ಮೂಲೆಗೆ ಹೋಯಿತು.

"ಅಪ್ಪಾ..." ಧ್ವನಿ ಒಡೆಯಿತು. "ಈ ಗ್ಯಾಲರಿ ಬೀಳತ್ತೆ ಅಪ್ಪಾ. ನಾನೇ ಕೈಯಿಟ್ಟು ನೋಡಿದೀನಿ. ನೀನು ಅಲ್ಲಿ ಕೂತಿದ್ರೆ ನಂಗೆ ಆಡೋಕಾಗಲ್ಲ. ಇಳಿದು ಬಾ... ಎಲ್ಲರನ್ನೂ ಕರ್ಕೊಂಡು ಮೆಲ್ಲಗೆ ಇಳಿದು ಬಾ."

ಗದ್ದಲ ಅಡಗಿತು.

ಅಪ್ಪ ಎದ್ದುನಿಂತರು. ಮಗಳ ಮುಖವನ್ನೇ ನೋಡಿದರು. ಆಮೇಲೆ ಪಕ್ಕದವರ ಭುಜ ತಟ್ಟಿ, ಬಸ್ಸಿನಿಂದ ಇಳಿಸುವ ಧಾಟಿಯಲ್ಲೇ, "ಇಳೀರಪ್ಪಾ, ಒಬ್ಬೊಬ್ಬರಾಗಿ... ತಳ್ಳಾಡ್ಬೇಡಿ, ಹೆಂಗಸರು ಮಕ್ಕಳು ಮುಂದೆ!" ಎಂದರು.

ಖಾಕಿ ಅಂಗಿಗಳು ಇಳಿದವು. ಹಿಂದೆಯೇ ಸಾಲಿಗೆ ಸಾಲು ಇಳಿಯಿತು. ಗೊಣಗುತ್ತ, ಶಪಿಸುತ್ತ ಜನ ಬಾಗಿಲುಗಳ ಬಳಿ, ಎದುರಿನ ಗೋಡೆಗೆ ಒತ್ತಿಕೊಂಡು ನಿಂತರು.

ಆಟ ಶುರುವಾಯಿತು.

ಏನೂ ಆಗಲಿಲ್ಲ! ಖಾಲಿ ಗ್ಯಾಲರಿ ಕಲ್ಲಿನಂತೆ ನಿಂತಿತ್ತು.

"ಎಲ್ಲಮ್ಮಾ ಬಿತ್ತು?" ಯಾರೋ ಕೂಗಿದರು. ನಗೆ ಎದ್ದಿತು. ಪ್ರಿನ್ಸಿಪಾಲರ ನೋಟ ಚಿಗರೆಯನ್ನು ಸುಟ್ಟಿತು. 'ನಾನು ತಪ್ಪು ಮಾಡಿದ್ನಾ?' ಅವಳು ಚೆಂಡಿನ ಹಿಂದೆ ಓಡಿದಳು.

ಬಿಡುವಿನ ನಂತರ ಕಾಲೇಜು ಹುಡುಗರ ಗುಂಪೊಂದು ಗ್ಯಾಲರಿಗೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಕೆಳಗಿನ ಸಾಲಿಗೆ ಹತ್ತಿ ಕುಣಿಯತೊಡಗಿತು. ಇಂಜಿನಿಯರ್ ಓಡಿದ. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಳೆದು ಕೆಳಗೆ ತಳ್ಳಿದ. ಎಲ್ಲರೂ ಇಳಿದರು. ಅವನು ಮಾತ್ರ ಒಳಗೆ ಯಾರಾದರೂ ಉಳಿದಿರಬಹುದೇ ಎಂದು ಬಗ್ಗಿ ಕತ್ತಲೆಯೊಳಗೆ ಹೋದ.

ಕಿರ್‌ರ್‌ರ್...

ಚಿಗರೆಗೆ ಕೇಳಿಸಿತು. ಚೆಂಡು ಅವಳ ಕೈಯಲ್ಲಿತ್ತು. ಆಟ ನಿಂತೇಹೋಯಿತು.

"ಹೊರಗೆ ಬನ್ನಿ!" ಜನರ ಕಿರುಚಾಟದಲ್ಲಿ ಅವಳ ಕೂಗು ಮುಳುಗಿತು. ಅವನ ಬೆನ್ನು ಈ ಕಡೆಗಿತ್ತು.

ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಚೆಂಡನ್ನು ಎಸೆದಳು!

ಚೆಂಡು ಅವನ ಭುಜಕ್ಕೆ ಅಪ್ಪಳಿಸಿತು. ಅವನು ತಿರುಗಿದ. ಎರಡೂ ಕೈ ಚಾಚಿ ಚೀರುತ್ತಿದ್ದ ಅವಳನ್ನು ಕಂಡ. ಓಡಿಬಂದ.

ಅವನ ಹಿಂದೆಯೇ ಮೇಲಿನ ಮೂಲೆ ಮೊದಲು ಕುಸಿಯಿತು. ಆಮೇಲೆ ಇಡೀ ಗ್ಯಾಲರಿ ಮಂಡಿಯೂರಿದ ಆನೆಯಂತೆ ಮಗುಚಿಕೊಂಡಿತು. ಹಲಗೆ, ಕಬ್ಬಿಣ, ಧೂಳು... ಕಿವಿ ಕಿತ್ತುಹೋಗುವಂಥ ಸದ್ದು. ಮರುಕ್ಷಣ ಉಸಿರಿನ ಶಬ್ದವೂ ಇಲ್ಲ.

ಧೂಳಿನಲ್ಲಿ ಕೆಮ್ಮುತ್ತ ನೆಲಕ್ಕೆ ಬಿದ್ದಿದ್ದವನ ಬಳಿಗೆ ಚಿಗರೆ ಓಡಿದಳು. ಅವನ ಅಂಗಿಯ ಕೊರಳಪಟ್ಟಿ ಹಿಡಿದು ಅಲುಗಿಸಿದಳು.

"ಹುಚ್ಚಾ ನಿಂಗೆ? ಎಲ್ಲರನ್ನೂ ಇಳಿಸಿದೆ... ನೀನೊಬ್ಬ ಒಳಗೆ ಹೋಗಿಬಿಟ್ಯಲ್ಲೋ! ನಿಂಗೇನಾದ್ರೂ ಆಗಿದ್ರೆ ನಾನು..." ಮುಂದಿನ ಮಾತು ಅಳುವಿನಲ್ಲಿ ಕರಗಿತು.

ಅಷ್ಟು ಜನರ ಮುಂದೆ ಅವನನ್ನು "ನೀನು" ಎಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವನಿಗೆ ಗೊತ್ತಾಗಿತ್ತು.

ಬಾಗಿಲ ಬಳಿ ಅಪ್ಪ ತಾವು ಕೂರುತ್ತಿದ್ದ ಮೂಲೆ ಇದ್ದ ಕಡೆಗೇ ನೋಡುತ್ತ ಗೋಡೆ ಹಿಡಿದು ನಿಂತಿದ್ದರು. ಪ್ರಿನ್ಸಿಪಾಲರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

* * *

ಉಳಿದ ಆಟ ಮುಂದಿನ ವಾರ ತೆರೆದ ಬಯಲಿನ ಕೋರ್ಟಿನಲ್ಲಿ ನಡೆಯಿತು. ಚಿಗರೆಯ ತಂಡ ಗೆದ್ದಿತು. ಕೋಚ್ ಮೇಡಂ ಕಪ್ಪನ್ನು ಎದೆಗಪ್ಪಿಕೊಂಡು ಮಗುವಿನಂತೆ ಅತ್ತರು. ಸೋತ ಕ್ಯಾಪ್ಟನ್ ಬಂದು ಚಿಗರೆಯನ್ನು ತಬ್ಬಿ, "ನಮ್ಮಣ್ಣ ಆ ಮರದ ಹತ್ರ ಇದ್ದಾನೆ. ಭುಜ ಇನ್ನೂ ಊದಿಕೊಂಡಿದೆ, ಹೋಗಿ ವಿಚಾರಿಸು," ಎಂದು ಕಣ್ಣು ಮಿಟುಕಿಸಿ ಹೋದಳು.

ಚಿಗರೆ ಹೋಗಿ ನಿಂತಳು. ಇಷ್ಟು ದಿನ ಸಾವಿರ ಜನರೆದುರು ಆಡಿದವಳಿಗೆ ಈಗ ಒಬ್ಬನ ಮುಂದೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ಆವತ್ತು ನಿಮ್ಮನ್ನ ಏನೇನೋ ಅಂದುಬಿಟ್ಟೆ. ಕ್ಷಮಿಸ್ತೀರಾ?"

"ಮತ್ತೆ 'ನೀವು' ಆಗಿಬಿಟ್ನಾ?" ಅವನು ಮೆಲ್ಲಗೆ ಕೇಳಿದ.

ಅವಳು ತಲೆಯೆತ್ತಲಿಲ್ಲ. "ಆ ಧೂಳಲ್ಲಿ ನೀನು ಕಾಣದೆ ಹೋದಾಗ... ನಂಗೆ ಕಪ್ಪು, ಕಾಲೇಜು ಏನೂ ನೆನಪಾಗ್ಲಿಲ್ಲ. ನೀನು ಬೇಕು ಅಂತ ಮಾತ್ರ ಅನ್ನಿಸ್ತು."

ಅವನು ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ಈಗ ಆ ಭಯವಿರಲಿಲ್ಲ.

"ನಂಗೆ ಮೊದಲನೇ ದಿನವೇ ಅನ್ನಿಸಿತ್ತು. ಹೇಳಿದ್ರೆ ಅದೂ ನಾಟಕ ಅಂತೀಯೇನೋ ಅಂತ..."

"ಈಗ ಹೇಳು."

"ನಿನ್ನನ್ನ ಪ್ರೀತಿಸ್ತೀನಿ ಕಣೇ."

ರಸ್ತೆಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಇಬ್ಬರೂ ಬೆಚ್ಚಿದರು. ಚಿಗರೆ ನಕ್ಕುಬಿಟ್ಟಳು.

"ಅಪ್ಪ. ಇದು ಕೊನೇ ಟ್ರಿಪ್ಪು. ಬರ್ತೀಯಾ?"

"ಬೈದ್ರೆ?"

"ಬೈತಾರೆ." ಅವಳು ಅವನ ನೋಯದ ಕಡೆಯ ಕೈ ಹಿಡಿದುಕೊಂಡಳು. "ಇಳಿಸಲ್ಲ ಅಷ್ಟೇ."