ಉಪ್ಪುನೀರಿನ ಭರಣಿ

ನಾನು ಹಾಸನದ ಕಾಲೇಜೊಂದರಲ್ಲಿ ಜವಾನನಾಗಿದ್ದ ಕಾಲ. ಪ್ರಾಣಿಶಾಸ್ತ್ರದ ಮೇಷ್ಟ್ರು ಮಂಗಳೂರಿನ ಕಡಲಿಂದ ಒಣಗಿದ ನಕ್ಷತ್ರಮೀನೊಂದನ್ನು ತಂದಿದ್ದರು. ಅದರ ಐದು ತೋಳಿನಲ್ಲಿ ಒಂದು ಬಸ್ಸಿನಲ್ಲೇ ಮುರಿದಿತ್ತು. ಎಸೆದುಬಿಡು ಅಂದರು, ನಾನು ಮನೆಗೆ ತಂದೆ.

ನನ್ನ ಹೆಂಡತಿ ಕೆಂಪಮ್ಮನ ಬಲಗೈ ಕಿರುಬೆರಳು ಚಿಕ್ಕಂದಿನಲ್ಲೇ ಆಲೆಮನೆಯ ಗಾಣಕ್ಕೆ ಸಿಕ್ಕಿ ತುಂಡಾಗಿ ಹೋಗಿತ್ತು. ಮೀನಿನ ಮೊಂಡು ತೋಳು ಸವರುತ್ತಾ, "ಇದೂ ನನ್ನಂಗೇ ಅದೆ. ಕಡ್ಲು ಜೀವಕ್ಕೆ ಉಪ್ಪು ಬ್ಯಾಡ್ವಾ?" ಎಂದು ಉಪ್ಪಿನಕಾಯಿ ಭರಣಿಗೆ ಉಪ್ಪುನೀರು ಹೊಯ್ದು ಅದನ್ನು ಮುಳುಗಿಸಿದಳು.

ಒಲೆಯ ಪಕ್ಕದಲ್ಲಿದ್ದರೂ ಭರಣಿ ತಣ್ಣಗೇ ಇರುತ್ತಿತ್ತು. ಬೆಳಿಗ್ಗೆ ಅದರ ಸುತ್ತ ನೆಲ ಒದ್ದೆ. ಮುರಿದ ಜಾಗದಲ್ಲಿ ಕಾಳಿನಷ್ಟು ಚಿಗುರಿದ್ದು ಬರಬರುತ್ತಾ ಬೆರಳಿನಷ್ಟಾಯಿತು. ಕೆಂಪಮ್ಮ ಮಾತ್ರ ಇಳಿದುಹೋದಳು. ಕೈಯೆತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು.

ಮೇಷ್ಟ್ರನ್ನು ಕೇಳಿದೆ. "ಸತ್ತದ್ದು ಎಲ್ಲಿ ಬೆಳೆಯುತ್ತಯ್ಯ? ಬದುಕಿರೋದು ಬೆಳೆಯುತ್ತೆ, ತನ್ನ ಮೈನೇ ಕರಗಿಸ್ಕೊಂಡು," ಎಂದು ನಕ್ಕರು.

"ಕೆರೆಗೆ ಎಸೆದು ಬತ್ತೀನಿ ಕಣಮ್ಮಿ," ಎಂದೆ.

"ಸುಮ್ಕಿರಿ. ಇನ್ನೇನು ತುಂಬ್ಕತದೆ," ಎಂದಳು. ದಣಿದಿದ್ದೆ, ಭರಣಿಯನ್ನು ಅಲ್ಲೇ ಬಿಟ್ಟು ಮಲಗಿದೆ.

ತೋಳು ತುಂಬಿದ ವಾರದಲ್ಲೇ ಅವಳು ತೀರಿಕೊಂಡಳು. ಮುತ್ತೈದೆ ಸಾವು, ಮೀಯಿಸಿ ಅರಿಶಿನ ಹಚ್ಚಲು ಆಚೆ ಬೀದಿಯ ಹೆಂಗಸರು ಬಂದರು. ಅವರಿಗೆ ಅವಳ ಕೈಯ ಸಂಗತಿ ತಿಳಿಯದು. ಬಲಗೈಯ ಐದು ಬೆರಳಿಗೂ ಅರಿಶಿನ ಹಚ್ಚಿದ್ದರು.

ಬಟ್ಟೆ ಹೊದಿಸುವ ಮುಂಚೆ ನಾನೇ ಮುಟ್ಟಿ ನೋಡಿದೆ. ಮಿಕ್ಕ ಬೆರಳೆಲ್ಲ ಒಣಗಿದ್ದವು. ಕಿರುಬೆರಳು ಮಾತ್ರ ಇನ್ನೂ ಒದ್ದೆಯಾಗಿತ್ತು.