ಕೊಕ್ಕರೆಗಳನ್ನು ಕೂಡಿಹಾಕಿದ ಮಾಟಗಾರ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ. ಗಲಾಟೆ ಮಾಡಿದರೆ ಕತೆ ಹೊಳೆ ದಾಟಿ ಹೋಗಿಬಿಡುತ್ತೆ, ಆಮೇಲೆ ನನ್ನ ಕೇಳಬೇಡಿ.

ಬಹಳ ಹಿಂದೆ, ಬಲ್ಗೇರಿಯಾ ಅನ್ನೋ ಸೀಮೆಯಲ್ಲಿ, ಡ್ಯಾನ್ಯೂಬ್ ಅನ್ನೋ ಮಹಾ ಹೊಳೆಯ ದಡದಲ್ಲಿ ಬ್ರೋದೆನ್ ಅಂತ ಒಂದು ಊರಿತ್ತು. ಆ ಊರಿನ ಹಿಟ್ಟಿನ ಗಿರಣಿಗಳೆಲ್ಲ ದೋಣಿ ಮೇಲೆ. ಹೊಳೆ ಹರಿದರೆ ಚಕ್ರ ತಿರುಗೋದು, ಚಕ್ರ ತಿರುಗಿದರೆ ಊರಿಗೆ ರೊಟ್ಟಿ. ಚಳಿಗಾಲದ ಕೊನೆಗೆ ಒಬ್ಬರ ಕೈಗೊಬ್ಬರು ಕೆಂಪು-ಬಿಳಿ ದಾರ ಕಟ್ಟೋರು. ಮೊದಲ ಕೊಕ್ಕರೆ ಹಾರಿಬರೋದನ್ನು ಕಣ್ಣಾರೆ ಕಾಣೋವರೆಗೆ ಆ ದಾರ ಬಿಚ್ಚೋ ಹಾಗಿಲ್ಲ. ಕೊಕ್ಕರೆ ಬಂತೋ, ಮಂಜು ಕರಗಿತು, ಹೊಳೆ ಹರೀತು.

ಒಂದು ವರ್ಷ ಕೊಕ್ಕರೆ ಬರಲೇ ಇಲ್ಲ. ಅದೇ ಊರಲ್ಲಿ ಹುಟ್ಟಿದ ರಾದುಲ್ ಅನ್ನೋ ಉದ್ದಕಾಲಿನವನನ್ನು ಎಲ್ಲರೂ ಕೊಕ್ಕರೆಕಾಲ ಅಂತ ಆಡಿಕೊಂಡಿದ್ದರು. ಅವನು ಮುನಿಸಿಕೊಂಡು ಹೋಗಿ ಮಾಟಗಾರನಾದ. ಹೊಳೆಯ ನಡುಗಡ್ಡೆಯಲ್ಲಿ ಮಂಜುಗಡ್ಡೆಯ ಕೋಟೆ ಕಟ್ಟಿ, ಕೊಕ್ಕರೆಗಳನ್ನೆಲ್ಲ ಪಂಜರಕ್ಕೆ ತುಂಬಿದ. ಹೊಳೆ ಹೆಪ್ಪುಗಟ್ಟಿತು, ಗಿರಣಿಗಳು ನಿಂತವು, ಊರಿನ ಹಿಟ್ಟಿನ ಡಬ್ಬಗಳು ತಳ ಕಂಡವು.

ಗಿರಣಿಯ ಹುಡುಗಿ ನೇವೆನಾ ಕೊನೆಯ ಹಿಟ್ಟಲ್ಲಿ ಎರಡು ರೊಟ್ಟಿ ಸುಟ್ಟಳು. ರೊಟ್ಟಿ, ಉಪ್ಪು, ಒಂದು ಕೆಂಪು-ಬಿಳಿ ದಾರ ಗಂಟು ಕಟ್ಟಿಕೊಂಡು ಹೆಪ್ಪುಗಟ್ಟಿದ ಹೊಳೆ ಮೇಲೆ ಕೋಟೆಗೆ ನಡೆದೇ ಹೊರಟಳು.

ಮೊದಲ ಬಾಗಿಲಲ್ಲಿ ಬೆಳ್ಳಗಿನ ತೋಳ. ನಿನ್ನ ತಿಂತೀನಿ ಅಂತು.

"ತಿನ್ನುವಿಯಂತೆ ತೋಳಣ್ಣ, ಮೊದಲು ಈ ರೊಟ್ಟಿ-ಉಪ್ಪು ತಿನ್ನು."

ಆ ಸೀಮೆಯಲ್ಲಿ ಒಬ್ಬರ ರೊಟ್ಟಿ-ಉಪ್ಪು ತಿಂದ ಮೇಲೆ ಅವರಿಗೆ ಕೇಡು ಮಾಡೋ ಹಾಗಿಲ್ಲ. ತೋಳ ತಿಂತು, ಬಾಲ ಆಡಿಸುತ್ತ ಹಿಂದೆಯೇ ಬಂತು.

ಎರಡನೇ ಬಾಗಿಲಲ್ಲಿ ಎರಡು ತಲೆಯ ಮೀನು. ಇನ್ನೊಂದು ರೊಟ್ಟಿ ಎಸೆದಳು. ನನಗೆ, ನನಗೆ ಅಂತ ತಲೆಗಳೆರಡೂ ಜಗಳಕ್ಕೆ ಬಿದ್ದವು. ಇವಳೂ ತೋಳನೂ ಒಳಗೆ!

ಮೂರನೆಯ ಬಾಗಿಲಲ್ಲಿ ರಾದುಲನೇ ನಿಂತಿದ್ದ.

"ನಾನೂ ಆ ಊರಿನವನೇ ಕಣೇ. ನಿನ್ನ ರೊಟ್ಟಿಯಾಟ ನನ್ನ ಹತ್ತಿರ ನಡೆಯೋಲ್ಲ," ಅಂದವನು ಅವಳನ್ನು ಕಲ್ಲು ಮಾಡೋಕೆ ಕೈ ಎತ್ತಿದ.

ನೇವೆನಾ ಗಂಟಿನಿಂದ ದಾರ ತೆಗೆದಳು. "ರಾದುಲಣ್ಣ, ಈ ವರ್ಷ ನಿನಗೆ ಯಾರೂ ದಾರ ಕಟ್ಟಿಲ್ಲ ಅಲ್ಲವಾ? ಕೈ ಕೊಡು."

ಚಿಕ್ಕಂದಿನಲ್ಲಿ ತಾಯಿಗೆ ಚಾಚುತ್ತಿದ್ದ ಕೈ. ದಾರ ಕಂಡಿದ್ದೇ ತಾನಾಗಿ ಮುಂದೆ ಬಂತು. ನೇವೆನಾ ಗಂಟು ಬಿಗಿದೇಬಿಟ್ಟಳು!

ದಾರ ಕಟ್ಟಿದ ಕೈಗೆ ಮಾಟ ಹತ್ತಲಿಲ್ಲ. ದಾರವನ್ನು ಕಚ್ಚಿದ, ಕೊಯ್ದ, ಬೆಂಕಿಗೆ ಹಿಡಿದ. ಊಹೂಂ. ಬಿಚ್ಚಬೇಕಾದರೆ ಕೊಕ್ಕರೆ ಹಾರೋದನ್ನು ಕಾಣಲೇಬೇಕು. ಒಂದೇ ಒಂದನ್ನು ಬಿಡೋಣ ಅಂತ ಪಂಜರದ ಬಾಗಿಲು ಕೊಂಚ ತೆರೆದ. ಅಷ್ಟೇ ಸಾಕಾಯಿತು, ತೋಳ ಸಂದಿಗೆ ಮೂತಿ ಇಟ್ಟು ನೂಕಿತು. ಆಕಾಶವೆಲ್ಲ ರೆಕ್ಕೆ! ಕೋಟೆ ಕರಗಿತು, ಹೊಳೆ ಪಟಪಟ ಬಿರಿದು ಹರೀತು, ದೂರದಲ್ಲಿ ಗಿರಣಿಗಳು ಗುರ್ ಅಂದವು. ರಾದುಲ್ ತಲೆಯೆತ್ತಿ ನೋಡುತ್ತಲೇ ನಿಂತ. ದಾರ ಬಿಚ್ಚೋದೇ ಮರೆತ.

ಆಮೇಲೆ ನೇವೆನಾ ಗಿರಣಿಯ ಯಜಮಾನಿಯಾದಳು. ತೋಳ ಹಿಟ್ಟಿನ ಮೂಟೆ ಕಾಯುತ್ತ ದಪ್ಪಗಾಯಿತು. ಮೀನಿನ ತಲೆಗಳು ಇನ್ನೂ ಜಗಳ ಆಡುತ್ತಲೇ ಇವೆ. ಊರವರು ಆಡಿಕೊಳ್ಳೋದು ಬಿಟ್ಟರು. ಉದ್ದಕಾಲಿನ ರಾದುಲ್ ಹೊಳೆಗಿಳಿದು ಗಿರಣಿದೋಣಿಗಳಿಗೆ ಹಗ್ಗ ಕಟ್ಟೋ ಕೆಲಸ ಹಿಡಿದ. ಪ್ರತಿವರ್ಷ ಮೊದಲ ಕೊಕ್ಕರೆ ಗೂಡು ಕಟ್ಟೋದು ಅವನ ಮನೆ ಸೂರಿನ ಮೇಲೇ.